ಸಂದಿಯ ಮೇಲೆ ಸಂದಿ

ಲಾಗ್‌ಬುಕ್ಕಿನಲ್ಲಿ ಇನ್ನೂ ನೂರಾ ಹನ್ನೆರಡು ಗಂಟೆ ಬಾಕಿ.
ಗಂಟೆಗೊಂದು ಸಹಿ, ಸಹಿಗೊಂದು ಮೊಹರು,
ಕೊನೆಯ ಮೊಹರಿನ ಮಸಿ ಒಣಗಿದ ಮೇಲೆ
ನಾನು ಶಾಲಾ ಮನಶ್ಶಾಸ್ತ್ರಜ್ಞೆ.
ಅಲ್ಲಿಯವರೆಗೆ ಕೊರಳ ಕಾರ್ಡಿನಲ್ಲಿ: ಟ್ರೈನಿ.
ಹೆಡ್‌ಮಿಸ್ ಬಾಯಲ್ಲಿ: ಆ ಟೆಸ್ಟ್ ಮೇಡಂ.
ಅಡುಗೆಯ ಚೆನ್ನಾಜಮ್ಮ ಮಾತ್ರ ದನಿ ತಗ್ಗಿಸಿ,
'ತಲೆ ನೋಡೋರು' ಅನ್ನುತ್ತಾಳೆ.
ಅದ ಕೇಳಿ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು
ಜಡೆ ಬಿಚ್ಚಿ, ಬೆನ್ನು ತಿರುಗಿಸಿ
ನನ್ನ ಮುಂದೆ ಕೂತುಬಿಟ್ಟಿದ್ದಳು ಒಂದು ದಿನ.
ಹೇನು ಇತ್ತು. ನೋಡಿದೆ.

ಪರೀಕ್ಷೆಗೆ ಬೇಕು ಸದ್ದಿಲ್ಲದ, ಬೆಳಕಿರುವ ಕೋಣೆ,
ಕೈಪಿಡಿಯ ಮೂರನೇ ಪುಟ.
ಥಣಿಸಂದ್ರದ ಈ ಶಾಲೆ ಕೊಟ್ಟದ್ದು
ಬಿಸಿಯೂಟದ ದಾಸ್ತಾನು ಕೋಣೆ:
ಅಕ್ಕಿ ಮೂಟೆಗಳ ನಡುವೆ ಎರಡು ಕುರ್ಚಿ,
ಪಕ್ಕದಲ್ಲೇ ಕುಕ್ಕರು; ಮೂರು ಸೀಟಿಗೊಮ್ಮೆ
ನನ್ನ ಪ್ರಶ್ನೆ ನಿಂತು ಕಾಯುತ್ತದೆ.

ಮಾಳಿಂಗರಾಯ, ನಾಲ್ಕನೇ ತರಗತಿ.
ಟೀಚರ ಚೀಟಿ: 'ನಿಧಾನ. ಮಾತಿಲ್ಲ. ಕಿಟಕಿ ನೋಡ್ತಾನೆ.'
ಊರು ಶಹಾಪುರದ ಕಡೆ;
ಸದ್ಯದ ವಿಳಾಸ, ಏಳುತ್ತಿರುವ ಅಪಾರ್ಟ್‌ಮೆಂಟಿನ ಬುಡ.
ಅವನ ಮುಂದೆ ಒಂಬತ್ತು ಘನ, ಕೆಂಪು ಬಿಳಿ.
'ಈ ಚಿತ್ರದ ಹಾಗೆ ಜೋಡಿಸು' ಅಂದೆ,
ಸ್ಟಾಪ್‌ವಾಚಿನ ಗುಂಡಿ ಒತ್ತಿದೆ.

ಚಿತ್ರ ನೋಡಿದ. ನನ್ನನ್ನು ನೋಡಿದ,
ಪಾಪ, ಇವಳಿಗೆ ಗೊತ್ತಿಲ್ಲ ಎಂಬಂತೆ.
ಮಲಗಿಸಿ ಜೋಡಿಸುವುದನ್ನು ನಿಲ್ಲಿಸಿ ಕಟ್ಟಿದ.
ಕೆಳಸಾಲಿಗೆ ನಾಲ್ಕು. ಮೇಲಿನ ಮೂರನ್ನು
ಅರ್ಧರ್ಧ ಸರಿಸಿ, ಬೆರಳಿಂದ ತಟ್ಟಿ ತಟ್ಟಿ ಕೂರಿಸಿದ.
'ಚಿತ್ರದಾಗಿಂದು ತಪ್ಪದ ರೀ ಅಕ್ಕೋರೆ.
ಸಂದಿ ಮ್ಯಾಗ ಸಂದಿ ಬರಬಾರ್ದು.
ಗ್ವಾಡಿ ಸೀಳತದ.'
ಕುಕ್ಕರು ಕೂಗಿತು. ವೇಳೆ ಮುಗಿದಿತ್ತು.

ಅಂಕ: ಸೊನ್ನೆ.

ವಸಂತನಗರ, ಕಾಲೇಜಿನ ಎರಡನೇ ಮಹಡಿ.
ಡಾಕ್ಟರ್ ಲವೀನಾ ಪಿರೇರಾ ಕನ್ನಡಕ ಏರಿಸಿ ಓದಿದರು.
ಸೊನ್ನೆಗೆ ಅರ್ಧವಾದರೂ ಕೊಡಬಹುದೇ ಎಂದೆ.
'ಬೇಡ, ಹೇಮಾಕ್ಷಿ. ಉತ್ತರದ ಕೀಲಿ ತಿದ್ದೋದಕ್ಕೆ
ನೀನೂ ಯಾರಲ್ಲ, ನಾನೂ ಯಾರಲ್ಲ.
ಇವತ್ತು ಕನಿಕರಕ್ಕೆ ಅರ್ಧ ಕೊಟ್ಟವಳು
ನಾಳೆ ಸಿಟ್ಟಿಗೆ ಅರ್ಧ ಕಳೀತಾಳೆ.'
ಪುಟ ತಿರುವಿ, ಪೆನ್ನಿನ ತುದಿ ಊರಿ ಕೇಳಿದರು:
'ಅವಲೋಕನ ಅಂತ ನಾಲ್ಕು ಗೆರೆ ಇದೆಯಲ್ಲ,
ಇದು ಯಾಕೆ ಖಾಲಿ?'

ವರದಿ ಇಂಗ್ಲಿಷಿನಲ್ಲಿರಬೇಕು.
ಮೂರು ಸಲ ಬರೆದೆ, ಮೂರು ಸಲ ಹೊಡೆದುಹಾಕಿದೆ.
ಗೋಡೆ ಬಂತು, ಸಂದಿ ಬಂತು,
ಆ 'ರೀ' ಮಾತ್ರ ದಾಟಿ ಬರಲೊಲ್ಲದು.
ಕಡೆಗೆ ಅವನ ಮಾತನ್ನು ಅವನ ಮಾತಲ್ಲೇ ಇಟ್ಟು
ಸುತ್ತ ಇಂಗ್ಲಿಷ್ ಕಟ್ಟಿದೆ.
ಮೇಡಂ ಏನೂ ಅನ್ನಲಿಲ್ಲ. ಸಹಿ ಹಾಕಿದರು.

ವರದಿ ಶಾಲೆ ಸೇರುವ ಹೊತ್ತಿಗೆ
ಅಪಾರ್ಟ್‌ಮೆಂಟಿಗೆ ಬಣ್ಣ ಬಳಿಯುತ್ತಿದ್ದರು.
ಹಾಜರಿ ಪುಸ್ತಕದಲ್ಲಿ ಅವನ ಹೆಸರಿನುದ್ದ ಕೆಂಪು ಗೆರೆ.
ಹೊಸಕೋಟೆ ಕಡೆ ಅಂತೆ, ಇಲ್ಲ, ಅತ್ತಿಬೆಲೆ ಅಂತೆ.
ಹೆಡ್‌ಮಿಸ್ ಲಕೋಟೆಯನ್ನು ಬೀರುವಿನಲ್ಲಿಟ್ಟರು,
ಕೀಲಿ ಹಾಕಿದರು.

ಪರಿಷತ್ತಿಗೆ ಕಳಿಸುವ ಅರ್ಜಿಗೆ ಗಂಟೆ ಕೂಡಿಸುತ್ತಿದ್ದೇನೆ.
ಅವತ್ತಿನದು ಒಂದು ಗಂಟೆ ಹತ್ತು ನಿಮಿಷ.
ಆಮೇಲಿನ ಇಪ್ಪತ್ತು ನಿಮಿಷಕ್ಕೆ ಯಾವ ಕಾಲಮ್ಮೂ ಇಲ್ಲ:
ಕುರ್ಚಿಯ ಮೇಲೆ ಹತ್ತಿ ನಿಂತು ಅವನು
ನನ್ನ ಸ್ಟಾಪ್‌ವಾಚನ್ನು ಅದರ ದಾರದಿಂದ ಇಳಿಬಿಟ್ಟು,
ಒಂದು ಕಣ್ಣು ಮುಚ್ಚಿ,
ದಾಸ್ತಾನು ಕೋಣೆಯ ಗೋಡೆಗೆ ತೂಕದ ಗುಂಡು ಹಿಡಿದ.
'ಸೊಟ್ಟ ಅದ ನೋಡ್ರಿ' ಅಂದ.
ನೋಡಿದೆ. ಸೊಟ್ಟವಿತ್ತು.
ಮೆಲ್ಲಗೆ ತೂಗಾಡುತ್ತ ಅದು ನಿಂತಿತು;
ಒಳಗೆ ಸೆಕೆಂಡುಗಳು ಓಡುತ್ತಲೇ ಇದ್ದವು,
ನಿಲ್ಲಿಸುವುದನ್ನು ಮರೆತಿದ್ದೆ.